ಹಾಲಾಗಿ ಕರಗಿದ ಮೂಳೆ

ಒಂದೇ ಸಮಾಧಿಯಲ್ಲಿ ಸಿಕ್ಕ ತಾಯಿಯ ತೊಡೆಮೂಳೆಯೂ ಮಗುವಿನ ತೊಡೆಮೂಳೆಯೂ ಪ್ರಯೋಗಾಲಯದ ಮೇಜಿನ ಮೇಲಿದ್ದವು. ಮಗುವಿನದು ಪುಟ್ಟದಾದರೂ ಗಟ್ಟಿಮುಟ್ಟು. ತಾಯಿಯದು ಗೆದ್ದಲು ತಿಂದ ಕೊರಡಿನಂತೆ ಟೊಳ್ಳು. ಅದರ ಪಕ್ಕ ಮಲಗಲು ಮಗುವಿನ ಮೂಳೆಗೆ ನಾಚಿಕೆಯಾಯಿತು.

ಪರೀಕ್ಷೆಗೆ ಬಂದ ಲೇಸರ್ ಬೆಳಕಿಗೆ ಅದು ಹೇಳಿತು: "ಸ್ವಾಮಿ, ನನ್ನನ್ನು ಬೇರೆ ಇಡಿಸಿ. ನಾನು ಕಬ್ಬಿಣದಂತಿದ್ದೇನೆ. ನೋಡಿದವರು ನಾನೂ ಹೀಗೆಯೇ ಟೊಳ್ಳು ಅಂದುಕೊಂಡಾರು."

"ಮೊದಲು ನೋಡೋಣ" ಎಂದು ಬೆಳಕು ಎರಡರ ಮೇಲೂ ಬಿತ್ತು. ಒಳಗೆ ಏನೇನಿದೆ ಎಂಬುದು ಪರದೆಯ ಮೇಲೆ ಗೆರೆಗಳಾಗಿ ಮೂಡಿತು.

"ನಿನ್ನಲ್ಲಿ ಸುಣ್ಣ ತುಂಬಿದೆ. ಅವಳಲ್ಲಿ ಬರಿದಾಗಿದೆ."

"ನಾನು ಹೇಳಲಿಲ್ಲವೇ?"

"ಅವಳಿಗೆ ಹೊಟ್ಟೆ ತುಂಬ ಊಟ ಸಿಕ್ಕಿಲ್ಲ, ಮಗು. ತನ್ನ ಮೂಳೆಯ ಸುಣ್ಣವನ್ನೇ ಕರಗಿಸಿ ನಿನಗೆ ಹಾಲೂಡಿಸಿದ್ದಾಳೆ."

ಮಗುವಿನ ಮೂಳೆ ತಾಯಿಯ ಕಡೆ ತಿರುಗಿತು. "ಅವ್ವಾ, ನಾನು ಹೀಗಳೆದಾಗಲಾದರೂ ಹೇಳಬಾರದಿತ್ತೇ?"

"ನೀನು ಕಬ್ಬಿಣದಂತಿದ್ದೀ ಅಂತ ನಿನ್ನ ಬಾಯಿಂದಲೇ ಕೇಳುತ್ತಿದ್ದೆನಲ್ಲ," ಎಂದಳು ತಾಯಿ.

"ಸ್ವಾಮಿ, ಆರಿಬಿಡಿ," ಎಂದು ಮಗುವಿನ ಮೂಳೆ ಬೇಡಿಕೊಂಡಿತು. "ಅವಳಿಗೆ ನನ್ನನ್ನು ತೋರಿಸಬೇಡಿ."

ಬೆಳಕು ಆರಿತು. ಕತ್ತಲಲ್ಲೂ ಅದರ ನಾಚಿಕೆ ಇಂಗಲಿಲ್ಲ.

"ಹತ್ತಿರ ಬಾ ಕಂದಾ," ಎಂದಳು ತಾಯಿ, "ಮೇಜು ತಣ್ಣಗಿದೆ."