ಲಾರಿಯಲ್ಲಿ ನಿಲ್ಲುವ ಪಾಠ

ಹೋದ ತಿಂಗಳು ಘಾಟಿಯ ತಿರುವಿನಲ್ಲಿ ರುದ್ರೇಗೌಡರ ಹೆಣ್ಣು ಕುದುರೆ ಲಾರಿಯೊಳಗೇ ಜಾರಿ ಬಿದ್ದು ಕಾಲು ಮುರಿದುಕೊಂಡಿತು. ಅದನ್ನು ಅಲ್ಲೇ ಕೊಲ್ಲಬೇಕಾಯಿತು. ಲಾಯದ ಆಳು ಮೌಲಾಸಾಬಿ ಕೊನೆಯವರೆಗೂ ಅದರ ತಲೆ ಹಿಡಿದುಕೊಂಡಿದ್ದ.

ಈಗ ಅದರ ಬೆಳೆದ ಮರಿಯನ್ನು ರೇಸಿಗೆ ಕಳಿಸುವ ದಿನ ಬಂತು. ಲಾರಿಯ ತಳ ಬರೀ ತಗಡು.

"ಹುಲ್ಲು ಹಾಸಿ, ನಿಧಾನಕ್ಕೆ ಹೋಗೋಣ ಗೌಡ್ರೇ," ಅಂದ ಮೌಲಾಸಾಬಿ.

"ಲಾರಿ ತುಂಬ ಕಸ ಮಾಡ್ಬೇಡ. ಬೇಗ ಹೊಡೀರಿ. ಅದರ ತಾಯಿಗೆ ನಿಲ್ಲೋಕೆ ಬರ್ತಿರಲಿಲ್ಲ, ಬಿತ್ತು." ಕುದುರೆ ನೋಡಲು ಬಂದಿದ್ದ ನೆಂಟರೆದುರು ಗೌಡರು ಮೀಸೆ ತಿರುವಿದರು.

ಮೌಲಾಸಾಬಿ ಕೈಮುಗಿದ. "ಹಾಗಾದ್ರೆ ಇದಕ್ಕೂ ಬರಲ್ಲ ಗೌಡ್ರೇ. ಕಲಿಸೋರು ಯಾರಿದ್ದಾರೆ? ಹೆಂಗೆ ನಿಲ್ಲಬೇಕು ಅಂತ ತಾವೇ ಒಂದು ಸುತ್ತು ತೋರಿಸಿಬಿಡಿ. ಇದು ಇಲ್ಲೇ ನಿಂತು ನೋಡ್ಕೊಳ್ಳಲಿ."

ನೆಂಟರು ನಕ್ಕರು. ಗೌಡರಿಗೆ ಹಿಂದೆ ಸರಿಯಲು ಆಗಲಿಲ್ಲ. ಖಾಲಿ ಲಾರಿ ಹತ್ತಿ ಪಕ್ಕದ ಸರಳು ಹಿಡಿದರು.

"ಕೈ ಬಿಡಬೇಕು ಗೌಡ್ರೇ. ಕುದುರೆಗೆ ಕೈ ಎಲ್ಲಿದೆ?"

ಗೌಡರು ಕೈಕಟ್ಟಿ ನಿಂತರು. ಡ್ರೈವರ್ ಅಂಗಳದಲ್ಲೇ ಲಾರಿ ತಿರುಗಿಸಿದ. ಮೊದಲ ತಿರುವಿಗೇ ಗೌಡರು ಅಂಗೈ, ಮಂಡಿ ಊರಿದರು. ಎರಡನೆಯದಕ್ಕೆ ಹಾಗೇ ಜಾರಿಕೊಂಡು ಹೋಗಿ ಹಿಂಬಾಗಿಲಿಗೆ ಬಡಿದರು.

"ನಿಲ್ಲಿಸೋ!"

"ನಾಲ್ಕು ಕಾಲಲ್ಲೂ ಆಗಲಿಲ್ವಾ ಗೌಡ್ರೇ?" ಎಂದು ಕೇಳಿದ ಮೌಲಾಸಾಬಿ ನಗಲಿಲ್ಲ.

ಗೌಡರು ಮಂಡಿ ಉಜ್ಜಿಕೊಳ್ಳುತ್ತ ಇಳಿದರು. "ಹುಲ್ಲು ಹಾಸು," ಅಂದರು. ಪಂಚೆಯ ಧೂಳು ಕೊಡವಿಕೊಂಡು, "ನಿಧಾನಕ್ಕೇ ಹೋಗಿ," ಅಂದರು.

ಮೌಲಾಸಾಬಿ ಲಾಯದ ಹಿಂದಿನಿಂದ ಹುಲ್ಲು ಹೊತ್ತು ತಂದು ದಪ್ಪಗೆ ಹಾಸಿದ. ಹೊಸದಾಗಿ ತರಿಸಿದ ಹುಲ್ಲಲ್ಲ. ಹೋದ ತಿಂಗಳೂ ಅದು ಅಲ್ಲೇ ಬಿದ್ದಿತ್ತು.