ಜೋಪಾನ ಮಾಡಿದ ತಿದಿ

“ಗುರುಗಳೇ, ನನ್ನ ತಾಯಿಗೆ ಎಪ್ಪತ್ತಾರು. ಹೃದಯದ ಕವಾಟ ಬದಲಾಯಿಸಿ ಎಂಟು ತಿಂಗಳಾಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು ಎನ್ನುತ್ತಾರೆ ಡಾಕ್ಟರು. ನಾನಂತೂ ಅವಳ ಕೈಯಿಂದ ಒಂದು ಲೋಟ ನೀರನ್ನೂ ಎತ್ತಿಸಿಲ್ಲ. ಆದರೂ ಮಂಕಾಗಿ ಕೂತಿರುತ್ತಾಳೆ. ಜೀವ ಉಳಿಯಿತು, ಬದುಕು ಯಾಕೆ ಮರಳಲಿಲ್ಲ?” ಎಂದು ಶಿಷ್ಯ ಹಾಲಪ್ಪ ಕೇಳಿದ. ತಾಯಿಯನ್ನು ಮಠದ ಮೆಟ್ಟಿಲುಗಳ ಬುಡದಲ್ಲಿ ಕೂರಿಸಿ ಅವನೊಬ್ಬನೇ ಮೇಲೆ ಬಂದಿದ್ದ.

“ಕೂತುಕೋ. ನಿನ್ನಂಥವನೇ ಇನ್ನೊಬ್ಬನಿದ್ದ” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಮುದಿ ಕಮ್ಮಾರ. ಅವನಿಗೂ ಇದೇ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗುವ ಮುಂಚೆ ಕುಲುಮೆಗೆ ಗಾಳಿ ಊದುವ ತಿದಿಗೆ ಹೊಸ ತೊಗಲು ಹಾಕಿ, ಎಣ್ಣೆ ಸವರಿ ಇಟ್ಟಿದ್ದ. ವಾಪಸು ಬಂದು ಊದಬೇಕೆಂಬ ಆಸೆ. ಮಗ ಒಳ್ಳೆಯವನೇ, ಆದರೆ ಪುಕ್ಕಲ. ಅಪ್ಪನನ್ನು ಮಂಚದಿಂದ ಇಳಿಯಗೊಡಲಿಲ್ಲ. ಕುಲುಮೆಗೆ ಕರೆಂಟಿನ ಫ್ಯಾನು ತಂದ. ಅಪ್ಪನ ತಿದಿ ಸವೆಯಬಾರದೆಂದು ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟ. ಕೆಲಸವಿಲ್ಲದ ದಿನವೂ ತಿದಿಯನ್ನು ನಾಲ್ಕು ಸಲ ಒತ್ತುವುದು ಕಮ್ಮಾರರ ಪದ್ಧತಿ. ಮಗನಿಗೆ ಅದು ಗೊತ್ತಿತ್ತು. ಭಯದಲ್ಲಿ ಮರೆತ.

ಆರು ತಿಂಗಳಿಗೆ ತಪಾಸಣೆ. ಡಾಕ್ಟರಮ್ಮ ಪ್ರಶ್ನೆಗಳ ಹಾಳೆ ಹಿಡಿದು, “ಅಜ್ಜಾ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ?” ಎಂದು ಕೇಳಿದರು.

“ನಾವು ಹತ್ತಿಸುವುದೇ ಇಲ್ಲ” ಎಂದ ಮಗ.

“ಬಿಂದಿಗೆ ಎತ್ತಿದರೆ?”

“ಮುಟ್ಟಲೂ ಬಿಡುವುದಿಲ್ಲ.”

“ನಾನು ಕೇಳಿದ್ದು ಇವರನ್ನು” ಎಂದರು ಡಾಕ್ಟರಮ್ಮ.

“ನನಗೇನು ಗೊತ್ತು ತಾಯಿ. ನೀವು ಎದೆಯೊಳಗೆ ಹಾಕಿದ್ದನ್ನು ನಾನಿನ್ನೂ ಬಳಸಿಯೇ ಇಲ್ಲ” ಎಂದ ಕಮ್ಮಾರ.

ಮನೆಗೆ ಬಂದವನೇ ತಿದಿ ಇಳಿಸು ಎಂದ. ಮಗ ಇಳಿಸಿದ. ಮುದುಕ ಒಮ್ಮೆ ಒತ್ತಿದ. ತೊಗಲು ಒಣಗಿ ಸೆಟೆದಿತ್ತು, ಮಡಿಕೆಯಲ್ಲಿ ಸೀಳಿಕೊಂಡಿತು. “ಒಂದು ದಿನವೂ ಊದಲಿಲ್ಲವಲ್ಲೋ ಇದನ್ನ” ಎಂದು ಅಲ್ಲೇ ಕೂತು ಅತ್ತ. ಮರುದಿನ ಮಗ ತಾನೇ ಹೊಸ ತೊಗಲು ತಂದು ಅಪ್ಪನ ಮುಂದಿಟ್ಟ.

ಗುರುಗಳು ಕತೆ ನಿಲ್ಲಿಸಿದರು. “ಸರಿ ಗುರುಗಳೇ, ಆದರೆ ನನ್ನ ತಾಯಿಗೆ ಅಷ್ಟು ಶಕ್ತಿ ಎಲ್ಲಿದೆ?” ಎಂದ ಹಾಲಪ್ಪ.

ಗುರುಗಳು ಮೆಟ್ಟಿಲುಗಳ ಕಡೆ ನೋಡಿದರು.

“ಹತ್ತಿ ಬರುತ್ತೀಯಾ ಅಂತ ಆಕೆಯನ್ನು ಕೇಳಿದ್ದೆಯಾ?”