ಓರಗಿತ್ತಿ ಗುಡ್ಡ

ಮರಿಯಕೊಪ್ಪಲಿನ ಊರಿಗೂ ಅದರ ಹೊಲಗಳಿಗೂ ನಡುವೆ ಒಂದು ಬೋಳುಗುಡ್ಡವಿದೆ. ನೆತ್ತಿಯಲ್ಲಿ ಶಿಲುಬೆ ಹೊತ್ತ ಪುಟ್ಟ ಗುಡಿ, ಅದರ ಮುಂದೊಂದು ಗಂಟೆ. ಅರ್ಧ ದಾರಿಯಲ್ಲಿ, ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ನಿಲ್ಲಿಸಿದ ಹೊರೆಗಲ್ಲು. ನೋಡಲು ಬೇರೇನೂ ಇಲ್ಲ. ಪಕ್ಕದ ನಮ್ಮೂರಿನ ಚರ್ಚಿಗೆ ಎರಡು ಗೋಪುರಗಳಿವೆ, ಬಣ್ಣದ ಗಾಜಿನ ಕಿಟಕಿಗಳಿವೆ. ಆದರೂ ಜನ ನಮ್ಮೂರನ್ನು ದಾಟಿಕೊಂಡು ಆ ಗುಡ್ಡಕ್ಕೇ ಹೋಗುವುದನ್ನು ಕಂಡಾಗ ನನಗೆ ಹೊಟ್ಟೆಯುರಿಯುತ್ತದೆ. ಮುಚ್ಚಿಟ್ಟು ಫಲವಿಲ್ಲ, ಆ ಗುಡ್ಡಕ್ಕೆ ಹೆಸರು ಬಂದದ್ದೂ ಹೊಟ್ಟೆಕಿಚ್ಚಿನಿಂದಲೇ.

ಹಿಂದೆ ಒಮ್ಮೆ ಮರಿಯಕೊಪ್ಪಲಿಗೆ ಪ್ಲೇಗು ಬಂತಂತೆ. ಗಟ್ಟಿಯಿದ್ದವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕಾಯಿಲೆ ತಗುಲಿದವರು ಗುಡ್ಡದಾಚೆ ಮನೆಗಳಲ್ಲೇ ಉಳಿದರು. ಊರಿನ ಪಾದ್ರಿ ಗುರುಗಳೂ ತೀರಿಕೊಂಡಿದ್ದರು. ಊರಿನ ಕಡೆ ತಿರುಗಿ ನೋಡಲೂ ಜನಕ್ಕೆ ಎದೆಯಿರಲಿಲ್ಲ. ಸವೇರಮ್ಮನೆಂಬ ವಿಧವೆ ಮಾತ್ರ ದಿನವೂ ಬೆಳಿಗ್ಗೆ ಗಂಜಿಯ ಮಡಕೆ ಹೊತ್ತು ಗುಡ್ಡ ಹತ್ತುವಳು, ಗಂಟೆ ಬಾರಿಸುವಳು, ಆಚೆ ಇಳಿದು ರೋಗಿಗಳಿಗೆ ಕುಡಿಸಿ ಬರುವಳು. ಆ ಗಂಟೆ ಕೇಳಿದಾಗ ಗುಡಿಸಲಿನವರು ಶಿಲುಬೆಯ ಗುರುತು ಹಾಕಿಕೊಂಡು, ದೇವರು ಇನ್ನೂ ಕೈಬಿಟ್ಟಿಲ್ಲ ಎನ್ನುತ್ತಿದ್ದರು. ಕೇಳಲಾರದೆ ಕಿವಿ ಮುಚ್ಚಿಕೊಳ್ಳುತ್ತಿದ್ದವಳು ಅವಳ ಓರಗಿತ್ತಿ, ಮನೆಯ ಹಿರಿಸೊಸೆ ಇನ್ನಾಸಮ್ಮ. ಇನ್ನಾಸಮ್ಮನ ಗಂಡ ಚೌರಪ್ಪ ಊರಿನಲ್ಲೇ ಮಲಗಿದ್ದ. ತಾನು ಹೆದರಿ ಕಾಲಿಡಲಾರದ ಮನೆಯಲ್ಲಿ ಇನ್ನೊಬ್ಬಳು ತನ್ನ ಗಂಡನ ಬಾಯಿಗೆ ಗಂಜಿ ಹಾಕುತ್ತಿದ್ದಾಳೆ ಎಂಬುದು ಅವಳನ್ನು ಬೇಯಿಸುತ್ತಿತ್ತು. ಗುರುಗಳು ಸಾಯುವ ಮುಂಚೆ ಯಾವುದೋ ಮಂತ್ರಿಸಿದ ಪದಕವನ್ನು ಸವೇರಮ್ಮನಿಗೆ ಮಾತ್ರ ಕೊಟ್ಟಿದ್ದಾರೆ, ಅದಕ್ಕೇ ಈ ಧೈರ್ಯ ಎಂದು ಬಗೆದು, ಅದನ್ನು ಕಸಿದುಕೊಳ್ಳಲು ಒಂದು ಬೆಳಿಗ್ಗೆ ಅವಳ ಹಿಂದೆಯೇ ಹೊರಟಳು.

ಹೊರೆಗಲ್ಲಿನ ಬಳಿ ಕಂಡದ್ದೇ ಬೇರೆ. ಮಡಕೆ ಕಲ್ಲಿನ ಮೇಲಿತ್ತು. ಸವೇರಮ್ಮ ಅದರ ಬುಡದಲ್ಲಿ ಮುದುರಿ ಕುಳಿತು ಅಳುತ್ತಿದ್ದಳು. ಪದಕವೆಲ್ಲಿ ಎಂದು ಇನ್ನಾಸಮ್ಮ ಗದರಿದಾಗ ಅವಳು ಬರಿಗೈ ತೋರಿಸಿದಳು.

“ಏನೂ ಇಲ್ಲ ಕಣಕ್ಕ. ದಿನಾ ಇಲ್ಲಿಗ್ ಬಂದ್ರೆ ಕಾಲೇ ಏಳಾಕಿಲ್ಲ. ಯೇಸುಸ್ವಾಮಿ, ಒಬ್ಳೇ ಹೋಗಾಕಾಗಕಿಲ್ಲ, ನೀನೂ ಬಾ ಅಂತೀನಿ. ಬಂದವ್ನೆ ಅಂತ ನಂಬ್ಕಂಡು ನಡುಗ್ತಾನೇ ಹೋಯ್ತೀನಿ.”

ಕಸಿಯಲು ಬಂದವಳಿಗೆ ಕಸಿಯಲು ಏನೂ ಸಿಗಲಿಲ್ಲ. ತನ್ನ ಹೆದರಿಕೆಯೇ ಅವಳದ್ದೂ ಆಗಿತ್ತು. ಅವಳು ಸ್ವಾಮಿಯನ್ನು ಕರೆದಿದ್ದಳು, ತಾನು ಕರೆದಿರಲಿಲ್ಲ, ಅಷ್ಟೇ. ಆದರೂ ಹೊಟ್ಟೆಕಿಚ್ಚು ಆಗಲೂ ಪೂರ್ತಿ ಆರಿರಲಿಲ್ಲ ಎನ್ನುತ್ತಾರೆ.

“ಆ ಸ್ವಾಮಿ ನಂಗೂ ಸ್ವಾಮಿನೇಯ. ಮಡಕೆ ಇತ್ತ ಕೊಡು. ನನ್ ಗಂಡುಂಗೆ ನಾನೇ ಕುಡಿಸ್ತೀನಿ.”

ಅಂದು ಗಂಟೆಯ ಹಗ್ಗವನ್ನು ಇಬ್ಬರೂ ಹಿಡಿದರು. ಚೌರಪ್ಪ ಉಳಿಯಲಿಲ್ಲ, ಆದರೆ ಹೆಂಡತಿಯ ಕೈಯ ಗಂಜಿ ಕುಡಿದು, ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿದ. ಅವನನ್ನು ಮಣ್ಣು ಮಾಡಿದ ಮರುದಿನವೂ ಗಂಟೆ ಕೇಳಿಸಿತು, ಮಡಕೆ ಇನ್ನಾಸಮ್ಮನ ತಲೆಯ ಮೇಲಿತ್ತು. ಅಂದಿನಿಂದ ಅದು ಓರಗಿತ್ತಿ ಗುಡ್ಡ.

ಇಂದಿಗೂ, ಪ್ಲೇಗಿನಿಂದ ಕಾಯುವವರೆಂದು ನಂಬುವ ಸಂತ ಸೆಬಾಸ್ಟಿಯನ್ನರ ಹಬ್ಬದಂದು ಹೋದರೆ ನೋಡಬಹುದು. ಪ್ರತಿ ಮನೆಯ ಕಿರಿಸೊಸೆ ಹೊತ್ತು ತಂದ ಗಂಜಿಯನ್ನು ಹೊರೆಗಲ್ಲಿನಿಂದ ಮೇಲಕ್ಕೆ ಹಿರಿಸೊಸೆ ಹೊರುತ್ತಾಳೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಜೊತೆಯಾಗಿಯೇ ಹತ್ತಬೇಕು. ಯಾರ ಮಡಕೆ ಮುಂದೆ ಎಂಬ ಜಗಳವೂ ಉಂಟು. ಆದರೆ ಆ ಕಲ್ಲಿನ ಬಳಿ ಎಲ್ಲರೂ ಒಂದು ಗಳಿಗೆ ಕುಳಿತು, ‘ನೀನೂ ಬಾ’ ಎಂದು ಮೆಲ್ಲನೆ ಅಂದುಕೊಂಡೇ ಏಳುತ್ತಾರೆ. ನಮ್ಮ ಎರಡು ಗೋಪುರಗಳ ಕೆಳಗೆ ಹಾಗೆ ಕರೆದವರನ್ನು ನಾನು ಇನ್ನೂ ಕಂಡಿಲ್ಲ.